ಎರಡನೇ ಭಾಗದ ನಗು, ಎರಡನೇ ಭಾಗದ ನೆನಪು



ಹೊಡೆದಾಟದ ಸಿನಿಮಾವೊಂದು ಗೆದ್ದರೆ ಅದಕ್ಕೆ ಎರಡನೇ ಭಾಗ ಬರುತ್ತದೆ. ಬಂದ ವಾರ ನಮ್ಮ ಎನ್.ಆರ್. ಕಾಲೋನಿಯ ಪಾರ್ಕಿನ ಬೆಂಚುಗಳ ಮೇಲೆ, ಕಾಫಿ ಲೋಟ ಹಿಡಿದು ನಿಂತವರ ನಡುವೆ, ಎರಡು ಮಾತು ತಪ್ಪದೆ ಕೇಳಿಬರುತ್ತವೆ. "ತಮಾಷೆ ಜಾಸ್ತಿ ಆಯ್ತು ಕಣ್ರೀ, ಮೊದಲನೇದರ ಖದರು ಇಲ್ಲ" ಅನ್ನುವುದು ಒಂದು. "ಹಳೇದನ್ನೆಲ್ಲ ಎಷ್ಟು ಚೆನ್ನಾಗಿ ನೆನಪು ಮಾಡಿದಾರೆ ನೋಡಿ, ಕಣ್ಣಲ್ಲಿ ನೀರು ಬಂತು" ಅನ್ನುವುದು ಇನ್ನೊಂದು. ನಗುವಿನ ಮೇಲೆ ದೂರು, ನೆನಪಿಗೆ ಶಹಭಾಸ್. ನನಗೆ ಅನ್ನಿಸುವುದು ಇದಕ್ಕೆ ತಿರುವುಮುರುವು. ಸಾಹಸ ಚಿತ್ರದ ಎರಡನೇ ಭಾಗವನ್ನು ನಗು ಕೆಡಿಸುವುದು ಅಪರೂಪ. ಕೆಡಿಸುವುದು ಹೆಚ್ಚಾಗಿ ನೆನಪು, ಅದರಲ್ಲೂ ಕಾಲ ಸರಿದಿದೆ ಎಂದು ಒಪ್ಪಿಕೊಳ್ಳದ ನೆನಪು. ಇದನ್ನು ಹಾಲಿವುಡ್ಡಿನಿಂದ ಶುರುಮಾಡುವ ಅಗತ್ಯವಿಲ್ಲ. ಕನ್ನಡದಲ್ಲೇ ಇದಕ್ಕೆ ಐವತ್ತು ವರ್ಷಕ್ಕೂ ಮೀರಿದ ಚರಿತ್ರೆಯಿದೆ.

ಅಪಾಯ ಮತ್ತು ಹಾಸ್ಯ ಒಂದೇ ರಂಗದ ಮೇಲೆ ಇರಬಾರದು ಅನ್ನುವ ಯೋಚನೆ ನಮ್ಮದೇ ಅಲ್ಲ. ರಾಮನವಮಿಯ ಪೆಂಡಾಲಿನಲ್ಲಿ ಹರಿಕಥೆ ಕೇಳಿದವರಿಗೆ ಇದು ಗೊತ್ತು: ಸೀತೆ ಅಶೋಕವನದಲ್ಲಿ ಕಣ್ಣೀರಿಡುವ ಘಳಿಗೆಯಲ್ಲಿ ದಾಸರು ಉಪಕಥೆಯೊಂದನ್ನು ತೆಗೆದು ಜನರನ್ನು ನಗಿಸುತ್ತಾರೆ, ನಗು ಇಳಿಯುವಷ್ಟರಲ್ಲಿ ಮತ್ತೆ ಅಶೋಕವನಕ್ಕೆ ಕರೆತರುತ್ತಾರೆ. ದುಃಖ ಕಡಿಮೆಯಾಗುವುದಿಲ್ಲ. ಕಂಪನಿ ನಾಟಕ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು. ಗುಬ್ಬಿ ವೀರಣ್ಣನವರಿಗೆ ನಾಡಿನ ತುಂಬ ಹೆಸರು ತಂದ ಪಾತ್ರಗಳಲ್ಲಿ 'ಸದಾರಮೆ'ಯ ಕಳ್ಳ ಒಂದು. ನಾಯಕಿಗೆ ಕೇಡು ಬಗೆಯುವವನೇ ಪ್ರೇಕ್ಷಕರನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತಿದ್ದ. ಭಯವೂ ನಗುವೂ ಒಬ್ಬನೇ ಮನುಷ್ಯನಲ್ಲಿದ್ದವು. ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ, ಎಲ್ಲರೂ ಆ ಗುಬ್ಬಿ ಕಂಪನಿಯ ನೆರಳಿನಲ್ಲಿ ಬೆಳೆದವರು. ಅವರು ಸಿನಿಮಾಕ್ಕೆ ಬಂದಾಗ ಈ ವಿದ್ಯೆಯೂ ಅವರ ಜೊತೆ ಬಂತು.

ಕಂಪನಿ ನಾಟಕದಿಂದ ಬಂದದ್ದು ಇನ್ನೂ ಒಂದಿದೆ, 'ಒನ್ಸ್ ಮೋರ್'. ಹಾಡು ಮುಗಿದ ಮೇಲೆ ಸಭೆ ಕೂಗುತ್ತಿತ್ತು, ನಟ ಮತ್ತೆ ಹಾಡುತ್ತಿದ್ದ. ರಾಜ ಸಾಯುತ್ತ ಹಾಡಿದ ಹಾಡಿಗೆ ಒನ್ಸ್ ಮೋರ್ ಬಿದ್ದರೆ ಎದ್ದು ಬಂದು ಇನ್ನೊಮ್ಮೆ ಹಾಡಿ ಸತ್ತದ್ದೂ ಉಂಟು ಎಂದು ಹಿರಿಯರು ಹೇಳುತ್ತಿದ್ದರು. ಎರಡನೇ ಭಾಗವೆಂದರೆ ಈ ಒನ್ಸ್ ಮೋರ್ ಕೂಗಿಗೆ ಕೊಟ್ಟ ಉತ್ತರ. ಕೇಳಿದ್ದನ್ನೇ ಹಾಡಬೇಕೋ, ಮುಂದಿನ ದೃಶ್ಯಕ್ಕೆ ಹೋಗಬೇಕೋ ಅನ್ನುವ ಗೊಂದಲ ಅಂದೂ ಇತ್ತು, ಇಂದೂ ಇದೆ.

ಈಗ 1968ಕ್ಕೆ ಹೋಗೋಣ. ಆ ವರ್ಷ ದೊರೆ–ಭಗವಾನ್ ಜೋಡಿಯ 'ಜೇಡರ ಬಲೆ' ಬಂತು. ಸಿ.ಐ.ಡಿ. 999, ಹೆಸರು ಪ್ರಕಾಶ್, ಪಾತ್ರದಲ್ಲಿ ರಾಜ್‌ಕುಮಾರ್. ಇಂಗ್ಲಿಷಿನಲ್ಲಿ ಜೇಮ್ಸ್ ಬಾಂಡ್ ಸರಣಿ 1962ರಲ್ಲಿ ಶುರುವಾಗಿತ್ತು. ಬೆಂಗಳೂರಿನ ದಂಡು ಪ್ರದೇಶದ ಥಿಯೇಟರುಗಳಲ್ಲಿ ಅದನ್ನು ನೋಡಿದವರು ನಮ್ಮ ಬಸವನಗುಡಿಯಲ್ಲೂ ಇದ್ದರು, ನೋಡದವರು ಬಹಳ ಜನ ಇದ್ದರು. ಆ ಬಹಳ ಜನಕ್ಕೆ ದೊರೆ–ಭಗವಾನ್ ಕನ್ನಡದಲ್ಲೇ ಒಬ್ಬ ಪತ್ತೇದಾರನನ್ನು ಕೊಟ್ಟರು. ಅದೇ ವರ್ಷ 'ಗೋವಾದಲ್ಲಿ ಸಿ.ಐ.ಡಿ. 999', ಮರುವರ್ಷ 1969ರಲ್ಲಿ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999'. ಮೊದಲನೆಯದರಲ್ಲಿ ಜಯಂತಿ ನಾಯಕಿ. ಲಕ್ಷ್ಮಿ ಕನ್ನಡಕ್ಕೆ ಬಂದದ್ದು ಗೋವಾ ಚಿತ್ರದಿಂದ. ಮುಂದೆ ಹಿಂದಿ ಚಿತ್ರರಂಗವನ್ನು ಆಳಿದ ರೇಖಾ ನಾಯಕಿಯಾಗಿ ಮೊದಲು ಕಾಣಿಸಿಕೊಂಡದ್ದು ಜಾಕ್‌ಪಾಟ್‌ನಲ್ಲಿ. ಸಂಗೀತ ಜಿ.ಕೆ. ವೆಂಕಟೇಶ್ ಅವರದು.

ಆ ಚಿತ್ರಗಳ ಶಕ್ತಿ ಎಲ್ಲಿತ್ತು ಅನ್ನುವುದನ್ನು ಸರಿಯಾಗಿ ನೋಡಬೇಕು. 1954ರಲ್ಲಿ ಬೇಡರ ಕಣ್ಣಪ್ಪನಾಗಿ ಬಂದು, 1965ರಲ್ಲಿ ಸತ್ಯ ಹರಿಶ್ಚಂದ್ರನಾಗಿ, 1966ರಲ್ಲಿ ಮಂತ್ರಾಲಯದ ರಾಘವೇಂದ್ರ ಸ್ವಾಮಿಯಾಗಿ, 1967ರಲ್ಲಿ ಇಮ್ಮಡಿ ಪುಲಿಕೇಶಿಯಾಗಿ ನಿಂತ ಮನುಷ್ಯ ಈಗ ಸೂಟು ಹಾಕಿ, ಪಿಸ್ತೂಲು ಹಿಡಿದು ನಿಂತಿದ್ದ. ನೋಡಿದವರ ಮುಖದಲ್ಲಿ ನಗು ಅರಳದೆ ಇರಲು ಸಾಧ್ಯವೇ ಇರಲಿಲ್ಲ. ಆದರೆ ರಾಜ್‌ಕುಮಾರ್ ಆ ನಗುವಿಗೆ ಪಾಲುದಾರರಾಗಲಿಲ್ಲ. ನೋಡಿ, ನಾನೂ ಬಾಂಡ್ ಆಗಿದ್ದೇನೆ ಎಂದು ಒಮ್ಮೆಯೂ ಕಣ್ಣು ಮಿಟುಕಿಸಲಿಲ್ಲ. ಹರಿಶ್ಚಂದ್ರನಿಗೆ ಕೊಟ್ಟ ಶ್ರದ್ಧೆಯನ್ನೇ ಪ್ರಕಾಶನಿಗೂ ಕೊಟ್ಟರು. ಹಾಸ್ಯದ ಹೊರೆ ಹೊರಲು ಪಕ್ಕದಲ್ಲಿ ನರಸಿಂಹರಾಜು ಇದ್ದರು. ಅವರ ಹಾಸ್ಯದ ಗುಟ್ಟು ಏನೆಂದರೆ, ಅವರು ಹೆದರುವಾಗ ನಿಜವಾಗಿ ಹೆದರುತ್ತಿದ್ದರು. ಸಣಕಲು ಮೈ, ಹೊರಳುವ ಕಣ್ಣು, ತೊದಲುವ ನಾಲಿಗೆ. ಗುಂಡು ನಿಜವಾದದ್ದು ಎಂದು ಪ್ರೇಕ್ಷಕ ನಂಬಿದ್ದು ಅವರ ಮುಖ ನೋಡಿಯೇ. ನಾಯಕ ಹೆದರುವ ಹಾಗಿಲ್ಲ. ಅವನ ಪಾಲಿನ ಹೆದರಿಕೆಯನ್ನು ಜೊತೆಗಾರ ಹೆದರುತ್ತಾನೆ, ನಾವು ನಗುತ್ತೇವೆ, ನಗುತ್ತಲೇ ಅಪಾಯವನ್ನು ಒಪ್ಪಿಕೊಳ್ಳುತ್ತೇವೆ. ಈ ಕೆಲಸ ಮಾಡುವ ನಗು ಸಾಹಸ ಚಿತ್ರಕ್ಕೆ ಎಂದೂ ಪೆಟ್ಟು ಕೊಡುವುದಿಲ್ಲ.

ಆಮೇಲೆ ಒಂಬತ್ತು ವರ್ಷ 999 ಬರಲಿಲ್ಲ. ದೊರೆ–ಭಗವಾನ್ 'ಕಸ್ತೂರಿ ನಿವಾಸ', 'ಎರಡು ಕನಸು', 'ಬಯಲು ದಾರಿ' ಮಾಡಿದರು. ರಾಜ್‌ಕುಮಾರ್ 1974ರ 'ಸಂಪತ್ತಿಗೆ ಸವಾಲ್' ನಂತರ ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದರು. ಅದಕ್ಕೆ ಮೊದಲು ಅವರ ದನಿ ಪಿ.ಬಿ. ಶ್ರೀನಿವಾಸ್ ಆಗಿದ್ದರು. 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್' ಬಂದಾಗ ಕಪ್ಪು–ಬಿಳುಪಿನ ಪ್ರಕಾಶ್ ಬಣ್ಣಕ್ಕೆ ತಿರುಗಿದ್ದ, ನಟನಿಗೆ 49 ವರ್ಷ, ನಾಯಕಿ ಪದ್ಮಪ್ರಿಯಾ. ಹಳೆಯ ಮೂರು ಚಿತ್ರಗಳ ಜ್ಞಾಪಕಕ್ಕೆ ಕೈಮುಗಿದು ನಿಲ್ಲುವ ಬದಲು ಚಿತ್ರದವರು ಅಲ್ಲಿವರೆಗೆ ಯಾರೂ ನಿರೀಕ್ಷಿಸದ ಕೆಲಸ ಮಾಡಿದರು. ರಾಜ್‌ಕುಮಾರ್ ತಮ್ಮದೇ ದನಿಯಲ್ಲಿ ಪೂರ್ತಿ ಇಂಗ್ಲಿಷಿನ ಹಾಡೊಂದನ್ನು ಹಾಡಿದರು. ಶಾಲೆಯಲ್ಲಿ ಹೆಚ್ಚು ಓದದ, ಗಾಜನೂರಿನಿಂದ ಬಂದ ಮನುಷ್ಯ.

ಆ ಹಾಡು ಈಗ ಮೊಬೈಲಿನಲ್ಲಿ ಎಲ್ಲರ ಕೈಗೂ ಬಂದಿದೆ, ಕನ್ನಡ ಬಾರದವರೂ ನೋಡಿದ್ದಾರೆ. ನಮ್ಮ ಮನೆಯ ಹುಡುಗ ಅದನ್ನು ನೋಡಿ ಮೊದಲು ನಕ್ಕ, ಮತ್ತೆ ಹಾಕಿಸಿಕೊಂಡು ನೋಡಿದ, ಆಮೇಲೆ ಕೇಳಿದ: "ತಾತ, ಇವರು ತಮಾಷೆಗೆ ಹಾಡ್ತಿದಾರಾ, ನಿಜವಾಗ್ಲೂ ಹಾಡ್ತಿದಾರಾ?"

"ನಿಜವಾಗ್ಲೂ ಹಾಡ್ತಿದಾರಪ್ಪ" ಅಂದೆ.

"ಅದಕ್ಕೇ ಮತ್ತೆ ಮತ್ತೆ ನೋಡ್ಬೇಕು ಅನ್ಸತ್ತೆ" ಅಂದ ಅವನು.

ಈ ಮಾತಿನಲ್ಲಿ ನಾನು ಹೇಳಬೇಕಾದ ಅರ್ಧ ವಿಷಯ ಇದೆ. ತೆರೆಯ ಮೇಲಿರುವವನಿಗೆ ತಾನು ತಮಾಷೆಯಾಗಿ ಕಾಣುತ್ತಿದ್ದೇನೆ ಎಂಬ ಅರಿವಿಲ್ಲದಿದ್ದಾಗ ನಗು ಉಳಿಯುತ್ತದೆ. ಆ ಅರಿವು ಅವನ ಮುಖದಲ್ಲಿ ಕಂಡ ಕೂಡಲೇ ಅಪಾಯ ಬಾಗಿಲಾಚೆ ನಡೆದುಬಿಡುತ್ತದೆ. ಇಂಗ್ಲಿಷ್ ಬಾಂಡ್‌ಗೆ ರೋಜರ್ ಮೂರ್ ಕಾಲದಲ್ಲಿ ಆದದ್ದು ಇದೇ. 1979ರ 'ಮೂನ್‌ರೇಕರ್' ಹೊತ್ತಿಗೆ ಬಾಂಡ್ ಬಾಹ್ಯಾಕಾಶಕ್ಕೆ ಹೋದ, ಆದರೆ ಅವನು ಸತ್ತಾನು ಎಂಬ ಆತಂಕ ಯಾರಿಗೂ ಉಳಿಯಲಿಲ್ಲ. ಆ ಆತಂಕವನ್ನು ಮರಳಿ ತರಲು 2006ರ 'ಕೆಸಿನೊ ರಾಯಲ್' ಎಲ್ಲವನ್ನೂ ಮೊದಲಿನಿಂದ ಕಟ್ಟಬೇಕಾಯಿತು. ಇದಕ್ಕೆ ತದ್ವಿರುದ್ಧ 1991ರ 'ಟರ್ಮಿನೇಟರ್ 2'. ಮೊದಲ ಭಾಗದಲ್ಲಿ ಕೊಲ್ಲಲು ಬಂದ ಯಂತ್ರದ ರೂಪವೇ ಎರಡನೆಯದರಲ್ಲಿ ಕಾಯಲು ಬರುತ್ತದೆ. ಹುಡುಗನೊಬ್ಬ ಅದಕ್ಕೆ ಬೀದಿಯ ಆಡುಮಾತು ಕಲಿಸುತ್ತಾನೆ. ಥಿಯೇಟರಿಗೆ ಥಿಯೇಟರೇ ನಗುತ್ತದೆ, ಯಂತ್ರಕ್ಕೆ ಮಾತ್ರ ಯಾಕೆ ನಗುತ್ತಿದ್ದಾರೆ ಎಂದು ಗೊತ್ತಾಗುವುದಿಲ್ಲ. ಆ ನಗು ಬೆಳೆಸಿದ ಸಲುಗೆಯಿಂದಲೇ ಕೊನೆಯಲ್ಲಿ ಅದು ಕಾದ ಲೋಹದಲ್ಲಿ ಇಳಿಯುವಾಗ ಗಂಟಲು ಕಟ್ಟುತ್ತದೆ.

ಶಂಕರ್‌ನಾಗ್ ಅವರ 'ಸಾಂಗ್ಲಿಯಾನ'ವನ್ನು ಇಲ್ಲಿ ನೆನೆಯಲೇಬೇಕು. ಎಚ್.ಟಿ. ಸಾಂಗ್ಲಿಯಾನ ನಿಜವಾದ ಪೊಲೀಸ್ ಅಧಿಕಾರಿ, ಮಿಜೋರಾಮಿನಿಂದ ಬಂದು ಕರ್ನಾಟಕದ ಮನೆಮಾತಾದವರು. ಮುಂದೆ 2004ರಲ್ಲಿ ಬೆಂಗಳೂರು ಉತ್ತರದಿಂದ ಲೋಕಸಭೆಗೂ ಹೋದರು. ಮಾರುವೇಷದಲ್ಲಿ ಬಂದು ಕಳ್ಳರನ್ನು ಹಿಡಿಯುತ್ತಾರೆ ಎಂಬ ಕಥೆಗಳು ಅವರ ಬಗ್ಗೆ ಊರೆಲ್ಲ ಓಡಾಡುತ್ತಿದ್ದವು. 1988ರಲ್ಲಿ ಪಿ. ನಂಜುಂಡಪ್ಪ ಆ ಹೆಸರಿನಲ್ಲೇ ಚಿತ್ರ ಮಾಡಿದರು, 1990ರಲ್ಲಿ ಎರಡನೇ ಭಾಗ ಬಂತು. ಮಾರುವೇಷ ಎಂಬ ಒಂದು ಉಪಾಯ ಇಡೀ ಸಮಸ್ಯೆಯನ್ನು ಬಗೆಹರಿಸಿಬಿಟ್ಟಿತ್ತು. ನಾಯಕ ವೇಷ ಹಾಕಿದಾಗ ನಗಿಸುತ್ತಾನೆ, ಆದರೆ ನಗಿಸುವುದೇ ಅವನ ಕರ್ತವ್ಯದ ಭಾಗ, ಸಿಕ್ಕಿಬಿದ್ದರೆ ಜೀವಕ್ಕೇ ಸಂಚಕಾರ. ಹಾಸ್ಯ ದೃಶ್ಯ ಯಾವುದು, ಸಾಹಸ ದೃಶ್ಯ ಯಾವುದು ಎಂದು ಬೇರ್ಪಡಿಸಲು ಬರುವುದಿಲ್ಲ. ಶಂಕರ್‌ನಾಗ್ ಅವರ ಮೈಯಲ್ಲೇ ಒಂದು ತರಲೆ ಇತ್ತು, 'ಆಟೋ ರಾಜ'ನ ಕಾಲದಿಂದ ಆಟೋ ಸ್ಟ್ಯಾಂಡುಗಳಿಗೆಲ್ಲ ಗೊತ್ತಿದ್ದ ತರಲೆ. ಅದಕ್ಕೆ ಖಾಕಿಯಲ್ಲಿ ಸರಿಯಾದ ಜಾಗ ಸಿಕ್ಕಿತು.

1990ರ ಸೆಪ್ಟೆಂಬರ್ 30ರಂದು ದಾವಣಗೆರೆಯ ಬಳಿ ಆನಗೋಡಿನ ಅಪಘಾತದಲ್ಲಿ ಶಂಕರ್‌ನಾಗ್ ತೀರಿಕೊಂಡರು. 1997ರಲ್ಲಿ ಮೂರನೇ ಭಾಗ ಬಂತು, ಸಾಂಗ್ಲಿಯಾನನಾಗಿ ದೇವರಾಜ್. ದೇವರಾಜ್ ದೊಡ್ಡ ನಟರು, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಆ ಚಿತ್ರದ ಪ್ರತಿ ದೃಶ್ಯದಲ್ಲೂ ನಾವು ಇಲ್ಲದ ಒಬ್ಬನನ್ನು ಹುಡುಕುತ್ತಿದ್ದೆವು. ಹೆಸರು ಮುಂದುವರಿದಿತ್ತು, ತರಲೆ ಮುಂದುವರಿಯಲಿಲ್ಲ. ನೆನಪು ನಟನ ವಿರುದ್ಧವೇ ನಿಂತುಬಿಟ್ಟ ಉದಾಹರಣೆ ಅದು.

ಇನ್ನೂ ಒಂದು ಬಗೆಯ ಹಾನಿಯಿದೆ, ಅದು ಕಣ್ಣಿಗೆ ಬೇಗ ಬೀಳುವುದಿಲ್ಲ. 1981ರ 'ಅಂತ' ನೆನಪಿಸಿಕೊಳ್ಳಿ. ಎಚ್.ಕೆ. ಅನಂತರಾವ್ ಅವರ ಕಾದಂಬರಿ, ರಾಜೇಂದ್ರಸಿಂಗ್ ಬಾಬು ನಿರ್ದೇಶನ, ಅಂಬರೀಷ್ ಎರಡು ಪಾತ್ರಗಳಲ್ಲಿ. ಪೊಲೀಸ್ ಅಧಿಕಾರಿ ಸುಶೀಲ್ ಕುಮಾರ್ ಪಾತಕಿ ಕನ್ವರ್‌ಲಾಲ್‌ನ ವೇಷದಲ್ಲಿ ಗೂಡಿನೊಳಗೆ ಹೋಗುತ್ತಾನೆ. ಉಗುರು ಕೀಳುವ ದೃಶ್ಯಕ್ಕೆ ಥಿಯೇಟರಿನಲ್ಲಿ ಮುಖ ಮುಚ್ಚಿಕೊಂಡವರಿದ್ದರು. ಕನ್ವರ್‌ಲಾಲ್ ಎಂಬ ಹೆಸರೇ ದಿಗಿಲು. ಹದಿನಾಲ್ಕು ವರ್ಷದ ಮೇಲೆ 1995ರಲ್ಲಿ ಅದೇ ನಿರ್ದೇಶಕ, ಅದೇ ನಟನಿಂದ 'ಆಪರೇಷನ್ ಅಂತ' ಬಂತು. ಅಷ್ಟು ಹೊತ್ತಿಗೆ ಕನ್ವರ್‌ಲಾಲ್ ಮಿಮಿಕ್ರಿಯವರ ಅಕ್ಕರೆಯ ಮಾತಾಗಿದ್ದ, ಗಣೇಶೋತ್ಸವದ ವೇದಿಕೆಗಳಲ್ಲಿ ಅವನ ಹೆಸರು ಬಂದರೆ ಚಪ್ಪಾಳೆ ಬೀಳುತ್ತಿತ್ತು. ದಿಗಿಲು ಹುಟ್ಟಿಸಬೇಕಾದವನ ಮೇಲೆ ಪ್ರೀತಿ ಬಂದುಬಿಟ್ಟರೆ ಎರಡನೇ ಭಾಗ ಏನು ಮಾಡೀತು? ನೆನಪು ಹೀಗೆ ಹುಲಿಯ ಹಲ್ಲು ಕೀಳುತ್ತದೆ. ಅಂಬರೀಷ್ ಕೊಟ್ಟ ಶ್ರಮ ಕಡಿಮೆಯಾಗಿರಲಿಲ್ಲ, ನಾವೇ ಬದಲಾಗಿದ್ದೆವು.

ಹೊಸಬರ ವಿಷಯಕ್ಕೆ ಬಂದರೆ, ಪ್ರಶಾಂತ್ ನೀಲ್ ಅವರ 'ಕೆ.ಜಿ.ಎಫ್.' ಮೊದಲ ಭಾಗ 2018ರ ಡಿಸೆಂಬರ್ 21ಕ್ಕೆ, ಎರಡನೆಯದು 2022ರ ಏಪ್ರಿಲ್ 14ಕ್ಕೆ ಬಂತು. ಮೊದಲನೆಯದರಲ್ಲಿ ಕಥೆ ಹೇಳಿದ ಅನಂತನಾಗ್ ಎರಡನೆಯದರಲ್ಲಿ ಇರಲಿಲ್ಲ. ಅವರ ಪಾತ್ರದ ಮಗನಾಗಿ ಪ್ರಕಾಶ್ ರಾಜ್ ಕಥೆ ಮುಂದುವರಿಸಿದರು. ಅನಂತನಾಗ್ ಅವರ ದನಿ ಇಲ್ಲದ್ದು ನನಗೆ ಬಹಳ ಹೊತ್ತು ಕಾಡಿತು. ಆದರೂ ತಂದೆಯ ಕೆಲಸವನ್ನು ಮಗ ಕೈಗೆತ್ತಿಕೊಂಡ ಎಂದು ಬದಲಾವಣೆಯನ್ನು ಕಥೆಯೊಳಗೇ ಒಪ್ಪಿಕೊಂಡದ್ದು ಸರಿಯಾದ ದಾರಿ. ಹಾಸ್ಯದ ಮಾತಿಗೆ ಬಂದರೆ, ನಾಯಕ ರಾಕಿ ಪೊಲೀಸ್ ಠಾಣೆಯನ್ನು ಮೆಷಿನ್‌ಗನ್ನಿನಿಂದ ಜಾಲರಿ ಮಾಡಿ, ಕಾದು ಕೆಂಪಾದ ನಳಿಗೆಯಲ್ಲಿ ಸಿಗರೇಟು ಹಚ್ಚಿಕೊಳ್ಳುತ್ತಾನೆ. ಜನ ನಕ್ಕರು, ಶಿಳ್ಳೆ ಹಾಕಿದರು. ರಾಕಿ ನಗಲಿಲ್ಲ. ಅತಿರೇಕ ಅವನ ಸ್ವಭಾವ, ಆ ಅತಿರೇಕವೇ ಕೊನೆಗೆ ಅವನನ್ನು ಸಮುದ್ರದ ತಳಕ್ಕೆ ಒಯ್ಯುತ್ತದೆ. ಆದ್ದರಿಂದ ಆ ನಗು ಕಥೆಗೆ ಸೇರಿದ್ದು. 2025ರ ಅಕ್ಟೋಬರ್ 2ರಂದು ಬಂದ 'ಕಾಂತಾರ: ಅಧ್ಯಾಯ 1' ಹಿಂದಕ್ಕೆ, ಕದಂಬರ ಕಾಲಕ್ಕೆ ಹೋಯಿತು. ಹಳೆಯ ಪಾತ್ರಗಳು ಇರಲು ಸಾಧ್ಯವಿಲ್ಲದ ಕಾಲ ಅದು, ಹಾಗಾಗಿ ನೆನಪನ್ನು ದುರುಪಯೋಗ ಮಾಡಿಕೊಳ್ಳುವ ಅವಕಾಶವೇ ಕಡಿಮೆ. ಅಲ್ಲಿನ ಕೆಲವು ತಮಾಷೆಯ ಮಾತುಗಳು ಮಾತ್ರ ಕದಂಬರ ಕಾಲದವಾಗಿರದೆ ನಮ್ಮ ಕಾಲದಿಂದ ಒಳಗೆ ನುಗ್ಗಿದವು ಎಂದು ನನಗೆ ಅನ್ನಿಸಿತು. 2022ರ 'ಕಾಂತಾರ'ದಲ್ಲಿ ನಾಯಕ ಶಿವನ ಗೆಳೆಯರ ಹಾಸ್ಯಕ್ಕೆ ಕರಾವಳಿಯ ಮಣ್ಣಿನ ವಾಸನೆ ಇತ್ತು.

ನೆನಪಿನ ವಿಷಯದಲ್ಲಿ ನಾನು ಹೆಚ್ಚು ಹೊತ್ತು ನಿಲ್ಲಬೇಕಾದದ್ದು 'ಗಂಧದ ಗುಡಿ'ಯ ಹತ್ತಿರ. 1973ರ ಚಿತ್ರ, ರಾಜ್‌ಕುಮಾರ್ ಅವರ 150ನೆಯದು. ಮೈಸೂರಿನ ಪೈಲ್ವಾನ್ ಎಂ.ಪಿ. ಶಂಕರ್ ನಿರ್ಮಾಪಕರು, ವಿಜಯ್ ನಿರ್ದೇಶಕರು. ಅರಣ್ಯಾಧಿಕಾರಿ ಕುಮಾರ್ ಗಂಧದ ಮರ ಕಡಿಯುವವರ ವಿರುದ್ಧ ನಿಲ್ಲುತ್ತಾನೆ. ಕಾಡನ್ನು ಉಳಿಸಬೇಕು ಎಂಬ ಮಾತನ್ನು ಕನ್ನಡದ ಸಾಮಾನ್ಯ ಪ್ರೇಕ್ಷಕ ಮೊದಲು ಕೇಳಿದ್ದು ಆ ಹೊಡೆದಾಟದ ಚಿತ್ರದಲ್ಲಿ ಎಂದರೆ ತಪ್ಪಿಲ್ಲ. 1994ರಲ್ಲಿ ಅದೇ ಶಂಕರ್, ಅದೇ ವಿಜಯ್ ಎರಡನೇ ಭಾಗ ಮಾಡಿದರು. ನಾಯಕ ಶಿವರಾಜ್‌ಕುಮಾರ್, ತಂದೆ ಅತಿಥಿ ಪಾತ್ರದಲ್ಲಿ. ರಾಜ್‌ಕುಮಾರ್ ತೆರೆಗೆ ಬಂದಾಗ ಜನ ಎದ್ದು ನಿಂತರು. ಅವರು ಹೋದ ಮೇಲೆ ಚಿತ್ರ ಮತ್ತೆ ಅವರಿಗಾಗಿ ಕಾಯುತ್ತಿರುವಂತೆ ಕಂಡಿತು. ಎರಡನೇ ಭಾಗದ ದೊಡ್ಡ ಅಪಾಯ ಇದು, ಅತಿಥಿ ಯಜಮಾನನಾಗಿಬಿಡುವುದು.

ಆಮೇಲೆ 2000ದ ಜುಲೈ 30. ಗಾಜನೂರಿನ ಮನೆಯಿಂದ ವೀರಪ್ಪನ್ ರಾಜ್‌ಕುಮಾರ್ ಅವರನ್ನು ಕಾಡಿಗೆ ಒಯ್ದ. 108 ದಿನ. ತೆರೆಯ ಮೇಲೆ ಗಂಧದ ಕಳ್ಳರನ್ನು ಎದುರಿಸಿದ ಮನುಷ್ಯ ನಿಜವಾದ ಗಂಧದ ಕಳ್ಳನ ಸೆರೆಯಲ್ಲಿ, ನಿಜವಾದ ಕಾಡಿನಲ್ಲಿ. ಆ ದಿನಗಳಲ್ಲಿ ಬೆಂಗಳೂರು ಹೇಗೆ ಉಸಿರು ಹಿಡಿದು ಕೂತಿತ್ತು ಎಂದು ನೋಡಿದವರಿಗೆ ಗೊತ್ತು. ಅದಾದ ಮೇಲೆ ಹಳೆಯ 'ಗಂಧದ ಗುಡಿ'ಯನ್ನು ಮೊದಲಿನ ಹಾಗೆ ನೋಡಲು ನನಗೆ ಆಗಿಲ್ಲ. ಕಾಡಿನ ದೃಶ್ಯ ಬಂದಾಗ ಇನ್ನೊಂದು ಕಾಡು ಕಣ್ಣ ಮುಂದೆ ಬರುತ್ತದೆ.

2022ರ ಅಕ್ಟೋಬರ್ 28ರಂದು ಅದೇ ಹೆಸರಿನಲ್ಲಿ ಪುನೀತ್ ರಾಜ್‌ಕುಮಾರ್ ಅವರ ಚಿತ್ರ ಬಂತು. ಅವರು ತೀರಿಕೊಂಡು ವರ್ಷ ತುಂಬುವ ಹಿಂದಿನ ದಿನ. ಅಮೋಘವರ್ಷ ನಿರ್ದೇಶನ. ಅದು ಸಾಹಸ ಚಿತ್ರವಲ್ಲ, ಕರ್ನಾಟಕದ ಕಾಡು–ಕಡಲುಗಳ ಸುತ್ತಾಟ. ಪುನೀತ್ ಅಲ್ಲಿ ಯಾರನ್ನೂ ಹೊಡೆಯುವುದಿಲ್ಲ. ಪುನೀತ್ ಆಗಿಯೇ ನಡೆಯುತ್ತಾರೆ, ಅಳುಕುತ್ತಾರೆ, ನಗುತ್ತಾರೆ, ಗೊತ್ತಿಲ್ಲದ್ದನ್ನು ಕೇಳಿ ತಿಳಿದುಕೊಳ್ಳುತ್ತಾರೆ. ಅರ್ಧ ಶತಮಾನದ ಹಿಂದೆ ತಂದೆ ಕಾಪಾಡಲು ಹೊರಟ ಕಾಡನ್ನು ಮಗ ಪರಿಚಯ ಮಾಡಿಕೊಳ್ಳುತ್ತಿದ್ದಾನೆ. 1973ರ ಚಿತ್ರಕ್ಕೆ ನಿಜವಾದ ಮುಂದಿನ ಭಾಗ ಇದೇ ಎಂದು ನಾನು ನಂಬಿದ್ದೇನೆ. ಹಳೆಯ ಹೆಸರು ಇದೆ, ಹಳೆಯ ಪ್ರೀತಿ ಇದೆ, ಆದರೆ ಹಳೆಯ ದೃಶ್ಯವನ್ನು ಮತ್ತೆ ಆಡಿಸುವ ಆಸೆ ಇಲ್ಲ. ನಮ್ಮ ಪಕ್ಕದ ನ್ಯಾಷನಲ್ ಕಾಲೇಜಿನಲ್ಲಿ ಓದಿದ ವಿಷ್ಣುವರ್ಧನ್ ಅವರ 'ಆಪ್ತರಕ್ಷಕ' ಕೂಡ ಹೀಗೆಯೇ ಅವರು ಹೋದ ಮೇಲೆ, 2010ರ ಫೆಬ್ರವರಿಯಲ್ಲಿ ಬಂತು. 'ಆಪ್ತಮಿತ್ರ'ದ ಮುಂದಿನ ಭಾಗ, ಅವರ 200ನೆಯ ಚಿತ್ರ. ರಾಜನ ವೇಷದಲ್ಲಿ ಅವರು ಗಹಗಹಿಸಿ ನಗುವಾಗ ಕೆಳಗೆ ಕೂತ ಜನ ಅಳುತ್ತಿದ್ದರು. ಅದು ಚಿತ್ರ ಬಯಸಿ ತಂದ ನೆನಪಲ್ಲ, ವಿಧಿ ತಂದದ್ದು.

ಕಾಲ ಸರಿದದ್ದನ್ನು ಒಪ್ಪಿಕೊಳ್ಳುವ ನೆನಪು ಹಾಲಿವುಡ್ಡಿನಲ್ಲೂ ಉಂಟು. 2022ರ 'ಟಾಪ್ ಗನ್: ಮೇವರಿಕ್' 1986ರ 'ಟಾಪ್ ಗನ್' ಚಿತ್ರಕ್ಕೆ ಮುಂದಿನ ಭಾಗ. ಅದರಲ್ಲಿ ಒಂದು ದೃಶ್ಯವಿದೆ. ಮೊದಲ ಭಾಗದ ಪ್ರತಿಸ್ಪರ್ಧಿ ಈಗ ಹಿರಿಯ ಅಧಿಕಾರಿ, ಕಾಯಿಲೆಯವನು, ಮಾತು ಕಷ್ಟ, ಕಂಪ್ಯೂಟರಿನಲ್ಲಿ ಅಕ್ಷರ ಒತ್ತಿ ಮಾತಾಡುತ್ತಾನೆ. ನಟ ವಾಲ್ ಕಿಲ್ಮರ್ ನಿಜವಾಗಿಯೂ ಗಂಟಲ ಕ್ಯಾನ್ಸರಿನಿಂದ ದನಿ ಕಳೆದುಕೊಂಡಿದ್ದರು. ಚಿತ್ರ ಅದನ್ನು ಮರೆಮಾಚಲಿಲ್ಲ. ಅಷ್ಟು ಸಂಕಟದ ಮಾತುಕತೆಯ ಕೊನೆಗೆ ಇಬ್ಬರಲ್ಲಿ ಯಾರು ಒಳ್ಳೆಯ ಪೈಲಟ್ ಎಂಬ ಹಳೆಯ ಕೀಟಲೆ ಮತ್ತೆ ಬರುತ್ತದೆ. ಕಾಲ ಸರಿದದ್ದನ್ನು ಒಪ್ಪಿಕೊಂಡ ಮೇಲೆ ಬಂದ ಕೀಟಲೆ, ಆದ್ದರಿಂದ ಅದು ಎದೆಗೆ ತಾಗಿತು.

ಬರೀ ಹಳೆಯದೇ ಬೇಕು ಅನ್ನುವವರಿಗೆ ಹಳೆಯ ಚಿತ್ರವೇ ಇದೆ. 1995ರ 'ಓಂ' ಎಷ್ಟು ಸಲ ಮತ್ತೆ ತೆರೆಕಂಡಿತು ಎಂಬುದು ಗಾಂಧಿನಗರಕ್ಕೆ ಗೊತ್ತು. 'ಕಸ್ತೂರಿ ನಿವಾಸ'ಕ್ಕೆ ಬಣ್ಣ ಹಚ್ಚಿ 2014ರಲ್ಲಿ ತಂದಾಗ ಮನೆಮಂದಿಯೆಲ್ಲ ಹೋಗಿ ನೋಡಿ ಬಂದರು. ಆ ಕೆಲಸವನ್ನು ಎರಡನೇ ಭಾಗದ ತಲೆಗೆ ಕಟ್ಟಬಾರದು.

ದೊರೆ ಅವರೂ ಇಲ್ಲ, 2023ರ ಫೆಬ್ರವರಿಯಲ್ಲಿ ಭಗವಾನ್ ಅವರೂ ಹೋದರು. 999ರ ಐದನೆಯ ಚಿತ್ರವನ್ನು ಯಾರಾದರೂ ಹುಡುಗರು ಕೈಗೆತ್ತಿಕೊಂಡರೆ ನನ್ನದೊಂದು ಕೋರಿಕೆ. ಆ ಇಂಗ್ಲಿಷ್ ಹಾಡನ್ನು ಮತ್ತೆ ಹಾಕಬೇಡಿ, ಅದು ಇದ್ದಲ್ಲೇ ಚೆನ್ನಾಗಿದೆ. ರಾಜ್‌ಕುಮಾರ್ ಅವರ ಮುಖವನ್ನು ಕಂಪ್ಯೂಟರಿನಲ್ಲಿ ಮಾಡಿ ತರಬೇಡಿ. ಪ್ರಕಾಶನ ಕೈಯಲ್ಲಿ ಬಗೆಹರಿಯದೆ ಉಳಿದ ಕೇಸೊಂದನ್ನು ಹೊಸ ಅಧಿಕಾರಿಗೆ ಕೊಡಿ, ಅವಳು ಹೆಣ್ಣುಮಗಳಾದರೆ ಇನ್ನೂ ಒಳ್ಳೆಯದು. ಅವಳ ಪಕ್ಕದಲ್ಲಿ, ಗುಂಡು ಹಾರಿದಾಗ ನಿಜವಾಗಿ ನಡುಗುವ ಒಬ್ಬ ಜೊತೆಗಾರ ಇರಲಿ. ಶೂಟಿಂಗಿಗೆ ಗೋವೆಗೇ ಹೋಗಬೇಕೆಂದಿಲ್ಲ, ಗಾಂಧಿಬಜಾರಿನ ಹೂವಿನಂಗಡಿಗಳ ಸಾಲಿನಲ್ಲಿ ಒಳ್ಳೆಯ ಚೇಸ್ ತೆಗೆಯಬಹುದು. ಕಡಲೆಕಾಯಿ ಪರಿಷೆಯ ದಿನವಾದರೆ ಆ ಜನಜಂಗುಳಿಯಲ್ಲಿ ಕಳ್ಳ ಓಡಲಾರ, ಪೊಲೀಸೂ ಓಡಲಾರರು. ಆ ದೃಶ್ಯವನ್ನು ನಾನು ನೋಡಬೇಕು.